ಹನ್ನೆರಡನೆಯ ಮನೆಯಲ್ಲಿ ನಿಂತ ಸುತ್ತೋಲೆ

ಸುತ್ತೋಲೆಯ ಹಲಗೆ ಒಂದು ಮನೆಯಲ್ಲಿ ಹೆಚ್ಚೆಂದರೆ ಒಂದು ದಿನ ಇರಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಜಪಾನ್ ಸಮುದ್ರದ ದಂಡೆಯ ನಮ್ಮ ಬಂದರುಕೇರಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಕೇರಿ ಸಂಘದ ಕಾಗದಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಆ ಹಲಗೆ ಮೊದಲ ಮನೆಯಿಂದ ಹೊರಟು, ಓದಿದ್ದಕ್ಕೆ ಸಾಕ್ಷಿಯಾಗಿ ಮನೆಮನೆಯ ಕೆಂಪು ಮುದ್ರೆ ಒತ್ತಿಸಿಕೊಂಡು, ಹತ್ತೊಂಬತ್ತನೆಯ ಮನೆ ಮುಟ್ಟಿ ಸಂಘದ ಯಜಮಾನರ ಕೈಗೆ ವಾಪಸಾಗಬೇಕು. ಕಸದ ಗಾಡಿ ಬರುವ ದಿನ ಬದಲಾದದ್ದು, ಚರಂಡಿ ಬಳಿಯುವ ಭಾನುವಾರ, ಯಾರದೋ ಸಾವು, ಎಲ್ಲ ಅದರಲ್ಲೇ ಬರುತ್ತವೆ. ಎರಡು ಸಾವಿರದ ಐದರ ಏಪ್ರಿಲ್‌ನಲ್ಲಿ ಆ ಹಲಗೆ ಹನ್ನೆರಡನೆಯ ಮನೆಗೆ, ಎಂದರೆ ಒಣಮೀನಿನ ಇಸೊಕೊಳ ಮನೆಗೆ ಹೋಗಿ, ನಾಲ್ಕು ದಿನ ಕುಳಿತುಬಿಟ್ಟಿತು.

ಇಸೊಕೊಗೆ ಆಗ ಅರವತ್ತು. ಗುಬ್ಬಿಯಷ್ಟು ಹೆಂಗಸು, ಮಾತು ಮಾತ್ರ ಮೆಣಸಿನಕಾಯಿ. ಗಂಡ ಸತ್ತು ಆರು ವರ್ಷವಾಗಿತ್ತು. ಬೆಳಿಗ್ಗೆ ಹರಾಜಿನಿಂದ ಬಂಗುಡೆ ತಂದು, ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಬಲೆ ಬಿಗಿದ ಚೌಕಟ್ಟಿನ ಮೇಲೆ ಬಿಸಿಲಿಗೆ ಹರಡುವುದು ಅವಳ ಕೆಲಸ. ಅವಳ ಕೈ ಸುಮ್ಮನಿದ್ದದ್ದನ್ನು ಕೇರಿಯಲ್ಲಿ ಕಂಡವರಿಲ್ಲ. ಸಾವಿನ ಮನೆಗೆ ಹೋದರೂ ಎದ್ದು ಲೋಟ ತೊಳೆಯುವ ಜಾತಿ. ಆದರೆ ಆ ನಾಲ್ಕು ದಿನ ಅವಳ ಚಡಪಡಿಕೆ ಬೇರೆಯೇ ಇತ್ತು. ಗುಡಿಸಿದ ಅಂಗಳವನ್ನೇ ಗುಡಿಸಿದಳು. ಒಣಗಲು ಹಾಕಿದ ಮೀನನ್ನು ಬಿಸಿಲಿಗಿಂತ ಮುಂಚೆ ತಿರುವಿ ಹಾಕಿದಳು, ಮತ್ತೆ ತಿರುವಿದಳು. ಅನ್ನ ಬಡಿಸಿಕೊಂಡು ಎರಡು ತುತ್ತು ತಿಂದು ಎದ್ದು ಹೋಗಿ, ಅಡುಗೆಮನೆಯ ಕಪಾಟಿನ ಮೇಲೆ ಮುಖ ಕೆಳಗಾಗಿ ಇಟ್ಟಿದ್ದ ಹಲಗೆಯನ್ನು ತೆಗೆದು ನೋಡಿ, ಅದು ಕಚ್ಚುತ್ತದೇನೋ ಎಂಬಂತೆ ವಾಪಸಿಟ್ಟಳು.

ಹಲಗೆಯಲ್ಲಿದ್ದದ್ದು ಒಂದೇ ಹಾಳೆ. ಅದರ ಹಿಂದಿನ ಕಥೆ ಹೀಗೆ. ನಮ್ಮ ಕಡೆಯ ಮೂರು ಊರುಗಳಲ್ಲಿ ಮೂತ್ರಪಿಂಡ ಕೆಟ್ಟವರು ವಿಪರೀತ. ನಮ್ಮ ಕೇರಿಯಿಂದಲೇ ಇಬ್ಬರು ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆಂದು ಬಿಳಿ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗಿ, ಸಂಜೆ ಹಿಂಡಿದ ಬಟ್ಟೆಯಂತಾಗಿ ಬರುತ್ತಿದ್ದರು. ಇದು ಉಪ್ಪಿನಿಂದಲೋ, ನೀರಿನಿಂದಲೋ, ರಕ್ತದಲ್ಲೇ ಬಂದದ್ದೋ ಎಂದು ತಿಳಿಯಲು ವಿಶ್ವವಿದ್ಯಾಲಯದ ವೈದ್ಯರು ಊರಿನವರ ತಪಾಸಣೆಯ ದಾಖಲೆಗಳನ್ನು ಕೇಳಿದ್ದರು. ಖಾಸಗಿ ವಿವರಗಳನ್ನು ಕಾಪಾಡುವ ಹೊಸ ಕಾನೂನು ಅದೇ ತಿಂಗಳು ಜಾರಿಗೆ ಬಂದಿತ್ತು. ಹಾಗಾಗಿ ದಾಖಲೆ ಕೊಡಲು ಒಪ್ಪಿಗೆ ಕೇಳಿ ಊರಾಫೀಸಿನ ಆರೋಗ್ಯ ನರ್ಸು ಕುಸಾಕಾ ಎಂಬ ಹುಡುಗಿ ಕೇರಿಗೆ ಹತ್ತೊಂಬತ್ತು ಫಾರಮ್ಮು, ಹತ್ತೊಂಬತ್ತು ಲಕೋಟೆ ಕೊಟ್ಟು, ಪ್ರತಿ ಮನೆಯವರೂ ಗುಟ್ಟಾಗಿ ತುಂಬಿ, ಬಾಯಿ ಅಂಟಿಸಿ ಕಳಿಸಲಿ ಎಂದು ಹೇಳಿ ಹೋಗಿದ್ದಳು.

ಕೇರಿ ಸಂಘದ ಯಜಮಾನ ಒಗಿನೊ ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ಲಕೋಟೆಗಳ ನಡುವೆ ಬದುಕಿದ ಮನುಷ್ಯ. ಹೊಸ ಲಕೋಟೆ ಹಾಳಾಗುವುದನ್ನು ಕಂಡರೆ ಅವನಿಗೆ ಕರುಳು ಕಿವುಚಿದಂತಾಗುತ್ತದೆ. ಹತ್ತೊಂಬತ್ತು ಯಾಕೆ, ಒಂದು ಹಾಳೆ ಸಾಲದೇ ಎಂದುಕೊಂಡು ಸ್ಕೇಲು ಹಿಡಿದು ಅಂದವಾಗಿ ಗೆರೆ ಎಳೆದ. ಮನೆಯ ಹೆಸರು, ಒಪ್ಪಿಗೆ, ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಅಗಲವಾದ ಕಾಲಮು: ತಂದೆತಾಯಿ ಯಾವ ಕಾಯಿಲೆಯಿಂದ ತೀರಿಕೊಂಡರು. ಗುಟ್ಟಾಗಿ ಕೇಳಬೇಕಾದ್ದನ್ನು ಮೆರವಣಿಗೆ ಹೊರಡಿಸಿದ ಪುಣ್ಯಾತ್ಮ! ಕೆಟ್ಟವನಲ್ಲ, ಮಿತವ್ಯಯಿ ಅಷ್ಟೇ. ಹನ್ನೊಂದು ಮನೆಯವರು ಚಕಾರವೆತ್ತದೆ ‘ಒಪ್ಪಿಗೆ’ ಕೆಳಗೆ ಮುದ್ರೆ ಒತ್ತಿದ್ದರು. ಎಂಟನೆಯ ಮನೆಯವನು ಅಪ್ಪನ ಹೆಸರಿನ ಮುಂದೆ ‘ಕುಡಿತ’ ಎಂದು ಧೈರ್ಯವಾಗಿ ಬರೆದಿದ್ದರೆ, ಅವನ ಹೆಂಡತಿ ಅದನ್ನು ಹೊಡೆದುಹಾಕಿ ‘ಹೃದಯ’ ಎಂದು ತಿದ್ದಿದ್ದಳು. ‘ಒಪ್ಪಿಗೆಯಿಲ್ಲ’ ಎಂಬ ಕಾಲಮು ಹಿಮ ಬಿದ್ದ ಅಂಗಳದಂತೆ ಖಾಲಿಯಿತ್ತು. ಅಲ್ಲಿ ಕಾಲಿಟ್ಟವರ ಹೆಜ್ಜೆ ಎಲ್ಲರಿಗೂ ಕಾಣುತ್ತದೆ.

ಇಸೊಕೊಳ ಅಪ್ಪ ಸಮುದ್ರದಲ್ಲಿ ಸತ್ತ ಎಂದು ಕೇರಿಗೆಲ್ಲ ಗೊತ್ತು. ಅವಳ ಗಂಡ ಹಾಗೇ ತಿಳಿದು ಸತ್ತ, ಮಗ ಹಾಗೇ ತಿಳಿದು ಬೆಳೆದ. ಅದು ಸುಳ್ಳು.

ಅವಳಿಗೆ ಆರು ವರ್ಷವಿದ್ದಾಗ, ದೇಶದ ಆ ಬದಿಯ ಕಡಲದಂಡೆಯ ಒಂದು ಹಳ್ಳಿಯಲ್ಲಿ, ಕೈಯಲ್ಲಿ ಹೆಸರುಗಳ ಪಟ್ಟಿ ಹಿಡಿದ ಇಬ್ಬರು ಗಂಡಸರು ಮನೆಗೆ ಬಂದಿದ್ದರು. ಅಪ್ಪನಿಗೆ ಕುಷ್ಠ ಇದೆ ಎಂದು ಯಾರೋ ಬರೆದುಕೊಟ್ಟಿದ್ದರು. ಊರಿನ ಒಳ್ಳೆಯದಕ್ಕೆ, ಜನರ ಆರೋಗ್ಯಕ್ಕೆ ಎಂದು ಬಂದವರು ಹೇಳಿದರು. ಎಷ್ಟು ಮರ್ಯಾದೆಯಿಂದ ಹೇಳಿದರೆಂದರೆ ಅಮ್ಮ ಅವರಿಗೆ ಚಹಾ ಕೊಟ್ಟಳು. ಅವರು ಚಹಾ ಮುಟ್ಟಲಿಲ್ಲ. ಅಪ್ಪನನ್ನು ಕುಷ್ಠದವರನ್ನಿಡುವ ದ್ವೀಪದ ಆಸ್ಪತ್ರೆಗೆ ಒಯ್ದ ಮಾರನೆಯ ದಿನ ಮನೆಯ ಒಳಗೂ ಹೊರಗೂ ಸೋಂಕು ಕೊಲ್ಲುವ ಬಿಳಿ ಪುಡಿ ಹೊಡೆದರು. ಅಕ್ಕಿಯ ಡಬ್ಬ, ಹಾಸಿಗೆ, ಅವಳ ಬಟ್ಟೆಯ ಗೊಂಬೆ, ಎಲ್ಲ ಬೆಳ್ಳಗಾದವು. ಬೀದಿಯ ಜನ ದೂರದಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಬಾವಿಯ ಹತ್ತಿರ ಅವರನ್ನು ಬಿಡಲಿಲ್ಲ. ಅಮ್ಮ ತನ್ನ ತವರಿನ ಹೆಸರು ಹೊತ್ತು, ಮಗಳನ್ನು ಎಳೆದುಕೊಂಡು, ದೇಶದ ಈ ಬದಿಗೆ ಬಂದಳು. ರೈಲಿನಲ್ಲಿ ಪಾಠ ಹೇಳಿಸಿದಳು: ನಿಮ್ಮಪ್ಪ ಎಲ್ಲಿ? ಸಮುದ್ರಕ್ಕೆ ಹೋದ. ವಾಪಸ್ ಬಂದನಾ? ಬರಲಿಲ್ಲ. ತಪ್ಪಿದಾಗಲೆಲ್ಲ ತೊಡೆ ಚಿವುಟಿದಳು.

ಅಮ್ಮ ಸತ್ತ ಮೇಲೆ, ಅಪ್ಪ ಹೋಗಿ ಮೂವತ್ತೆರಡು ವರ್ಷದ ನಂತರ, ಮದುವೆಗೆ ಹೋಗುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ ಇಸೊಕೊ ಆ ದ್ವೀಪಕ್ಕೆ ಒಂದೇ ಒಂದು ಸಲ ಹೋದಳು. ಅಪ್ಪ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಬೂದಿ ಇಟ್ಟಿದ್ದ ಮಡಕೆಯ ಮೇಲೆ ಒಂದು ಅಂಕಿ, ಅದರ ಕೆಳಗೆ ತನಾಕಾ ಇಚಿರೊ ಎಂಬ ಹೆಸರು. ಮನೆಯವರಿಗೆ ಅವಮಾನವಾಗಬಾರದೆಂದು ಒಳಗೆ ಹೋದವರಿಗೆಲ್ಲ ಅಲ್ಲಿ ಬೇರೆ ಹೆಸರು. ಊರಿಗೆ ನೂರು ಜನ ಇರುವಂಥ ಹೆಸರು. ಸತ್ತ ಮೇಲೆ ದೇಹ ಕೊಯ್ಯಲು ಒಪ್ಪಿಗೆ ಎಂದು ಸೇರಿಸಿಕೊಳ್ಳುವಾಗಲೇ ಮುದ್ರೆ ಒತ್ತಿಸಿಕೊಂಡಿದ್ದರಂತೆ. ಅಲ್ಲಿನ ವಯಸ್ಸಾದ ವೈದ್ಯ ಒಂದು ಕಾಗದ ಕೊಟ್ಟು, ‘ಕುಷ್ಠ ಯಾವತ್ತೋ ವಾಸಿಯಾಗಿತ್ತಮ್ಮ. ಹೋದದ್ದು ಮೂತ್ರಪಿಂಡದಿಂದ. ಎರಡರಲ್ಲೂ ಬರೀ ನೀರುಗುಳ್ಳೆ. ಇದು ವಂಶದಲ್ಲಿ ಹರಿಯೋದು. ನೀವೂ, ನಿಮ್ಮ ಮಕ್ಕಳೂ ತೋರಿಸ್ಕೊಳ್ಳಿ’ ಎಂದಿದ್ದ. ಅವಳು ಆ ಕಾಗದವನ್ನು ಮನೆಗೆ ತರಲಿಲ್ಲ. ಹಡಗುಕಟ್ಟೆಯಲ್ಲೇ ಚೂರು ಮಾಡಿ ನೀರಿಗೆ ಬಿಟ್ಟಳು. ಓದಿದ್ದನ್ನು ಎಲ್ಲಿ ಬಿಡುವುದು?

ಈಗ ಮಗ ಕಿಯೊಹಾರುಗೆ ಮೂವತ್ತನಾಲ್ಕು. ಮೀನುಗಾರರ ಸಂಘದ ಲಾರಿ ಓಡಿಸುತ್ತಿದ್ದ. ಮಾರ್ಚಿನ ತಪಾಸಣೆಯಲ್ಲಿ ರಕ್ತದೊತ್ತಡ ನೂರಾ ಎಪ್ಪತ್ತು, ಮೂತ್ರದಲ್ಲಿ ರಕ್ತ ಎಂದು ಬಂದಿತ್ತು. ಆ ಕಾಗದವನ್ನು ಅವನು ಲಾರಿಯ ಗಾಜು ಒರೆಸಲು ಬಳಸಿದ್ದ. ಶರತ್ಕಾಲಕ್ಕೆ ಅವನ ಮದುವೆ. ಹುಡುಗಿ ಶಿಹೊ, ಒಳನಾಡಿನ ಅಕ್ಕಿ ವ್ಯಾಪಾರಿಯ ಮಗಳು. ಆ ಕಡೆಯವರು ಹಳೆಯ ಪದ್ಧತಿಯವರು, ಹುಡುಗನ ಕೇರಿಗೆ ಯಾರನ್ನಾದರೂ ಕಳಿಸಿ, ಅಕ್ಕಪಕ್ಕದಲ್ಲಿ ಮನೆತನ ವಿಚಾರಿಸಿಯೇ ಮುಂದುವರಿಯುವುದು. ಇಸೊಕೊಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಪ್ಪಿದರೆ ದೊಡ್ಡ ಡಾಕ್ಟರುಗಳು ವಂಶ ಕೆದಕುತ್ತ ದ್ವೀಪದವರೆಗೂ ಹೋಗುತ್ತಾರೆ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಕೇರಿ ಕೆದಕುತ್ತದೆ. ಹೇಳಿದರೆ ಮಗನ ಮದುವೆ ಮುರಿಯಬಹುದು, ಹೇಳದಿದ್ದರೆ ಮಗನೇ ಉಳಿಯದಿರಬಹುದು.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದ ಕಿಯೊಹಾರು ಕಪಾಟಿನ ಮೇಲೆ ಹಲಗೆ ಕಂಡ.

“ಏನಮ್ಮಾ, ಇದಿನ್ನೂ ಇಲ್ಲೇ ಇದ್ಯಲ್ಲ! ಮುದ್ರೆ ಕಳೆದುಹೋಯ್ತಾ?”

“ಕನ್ನಡಕ ಕಳೆದುಹೋಗಿದೆ.”

“ತಲೆ ಮೇಲಿದೆ ನೋಡು.” ಅವನು ನಕ್ಕು ಹಾಳೆಯ ಮೇಲೆ ಕಣ್ಣಾಡಿಸಿದ. “ಇದಕ್ಕೇನು ಯೋಚನೆ? ಒಪ್ಪಿಗೆ ಅಂತ ಒತ್ತು. ಅಪ್ಪನ ಕಡೆ ತಾತ ಪಾರ್ಶ್ವವಾಯು, ನಿನ್ನ ಕಡೆ ತಾತ ಸಮುದ್ರ. ಸಮುದ್ರ ಕಾಯಿಲೆ ಅಲ್ವಲ್ಲ, ಗೆರೆ ಎಳೆದರಾಯ್ತು.”

“ನೀನು ಮೊದಲು ಡಾಕ್ಟರ ಹತ್ರ ಹೋಗೋ.”

“ಹೋಗ್ತೀನಿ, ಹೋಗ್ತೀನಿ. ಮೂತ್ರಕ್ಕೆ ಇಷ್ಟು ಮರ್ಯಾದೆ ಕೊಡೋ ಊರು ಇದೊಂದೇ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಐವತ್ತನಾಲ್ಕು ವರ್ಷ ಹಳೆಯ ಚಿವುಟು ತೊಡೆಯಲ್ಲಿ ಚುರುಕ್ಕೆಂದಿತು. ಬಾಯಿ ಮುಚ್ಚಿಕೊಂಡು ಅವನ ಬಟ್ಟಲಿಗೆ ಇನ್ನಷ್ಟು ಅನ್ನ ಹಾಕಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಹದಿಮೂರನೆಯ ಮನೆಯ ತಾತ್ಸುನೊ ಅಂಗಳಕ್ಕೆ ಬಂದು ನಿಂತಳು. ಮೀನು ಕೊಳ್ಳುವ ನೆಪ, ಕಣ್ಣು ಮಾತ್ರ ಕಿಟಕಿಯ ಕಡೆ.

“ಇಸೊಕೊ ಅಕ್ಕಾ, ಹಲಗೆಗೂ ಉಪ್ಪು ಹಾಕಿ ಒಣಗಿಸ್ತಿದ್ದೀರೇನೋ ಅಂದ್ಕೊಂಡೆ.”

“ನಿನ್ನ ನಾಲಿಗೆ ಒಣಗಿಸೋದಿದೆ, ಅದಕ್ಕೆ ಜಾಗ ಸಾಲ್ತಿಲ್ಲ.”

“ನನಗೇನು, ನಾನು ಕಾಯ್ತೀನಿ. ಪಾಪ ಡಯಾಲಿಸಿಸ್ಸಿನ ಅಜ್ಜ ಕೇಳ್ತಿದ್ರು, ಯಾಕೆ ಹನ್ನೆರಡನೇ ಮನೇಲಿ ನಿಂತಿದೆ, ಅವರಿಗೇನಾದ್ರೂ ತೊಂದರೆನಾ ಅಂತ. ಮೊನ್ನೆ ಅಕ್ಕಿ ಅಂಗಡಿಯವರ ಕಡೆಯ ಹೆಂಗಸೊಬ್ರು ಬಂದಿದ್ರು. ಒಳ್ಳೇ ಮನೆ ಅಂತಾನೇ ಹೇಳಿದ್ದೀನಿ, ಹೆದರ್ಬೇಡಿ.”

ಹೆದರಬೇಡಿ ಎಂದದ್ದೇ ತಪ್ಪಾಯಿತು. ಅಷ್ಟರಲ್ಲಿ ಯಜಮಾನ ಒಗಿನೊ ಕೂಡ ಸೈಕಲ್ ನಿಲ್ಲಿಸಿ ಒಳಗೆ ಬಂದ.

“ಅಮ್ಮಾ, ನಿಮ್ಮೊಬ್ಬರಿಂದ ಇಡೀ ಕೇರಿ ನಿಂತಿದೆ. ಊರಿನ ಒಳ್ಳೇದಕ್ಕೆ ಅಲ್ವೇ ಇದು?”

ಊರಿನ ಒಳ್ಳೆಯದು! ಅದೇ ಮಾತು, ಅದೇ ಮರ್ಯಾದೆಯ ದನಿ. ಇಸೊಕೊಗೆ ತಲೆ ಸಿಡಿದುಹೋಯಿತು. ಮೀನಿನ ಕೈಯಲ್ಲೇ ಒಳಗೆ ಹೋಗಿ, ಹಲಗೆ ತಂದು, ಅವರಿಬ್ಬರ ಕಣ್ಣೆದುರೇ ‘ಒಪ್ಪಿಗೆಯಿಲ್ಲ’ ಎಂಬ ಕಾಲಮಿನ ಕೆಳಗೆ ಮುದ್ರೆಯನ್ನು ಅಪ್ಪಳಿಸಿದಳು. ಹಾಳೆಯ ತುಂಬ ಮೀನಿನ ಹುರುಪೆ ಮೆತ್ತಿತು.

“ತಗೊಳ್ಳಿ. ನಡೀತಾ ಈಗ ನಿಮ್ಮ ಕೇರಿ?”

ಒಗಿನೊ ಸೈಕಲ್ಲಿನ ಕಡೆ ಹಿಂದೆ ಸರಿದ. ತಾತ್ಸುನೊ ಮೀನು ಕೊಳ್ಳುವುದನ್ನೂ ಮರೆತು ಹಲಗೆ ಎದೆಗವಚಿಕೊಂಡು ಹೋದಳು. ಸಂಜೆಯೊಳಗೆ ಹಲಗೆ ಉಳಿದ ಏಳು ಮನೆಗಳನ್ನು ಸುತ್ತಿತು. ಅಷ್ಟು ವೇಗವಾಗಿ ಅದು ಎಂದೂ ಓಡಿದ್ದಿಲ್ಲ, ಯಾಕೆಂದರೆ ಎಲ್ಲರಿಗೂ ಆ ಒಂದು ಮುದ್ರೆ ನೋಡಬೇಕಿತ್ತು. ಹುಚ್ಚಿನ ಸಂಸಾರವಿರಬೇಕು ಎಂದರು ಕೆಲವರು. ಗಂಡ ಏನೋ ರೋಗ ಅಂಟಿಸಿಕೊಂಡು ಬಂದಿದ್ದನೇನೋ ಎಂದರು ಇನ್ನು ಕೆಲವರು. ಪಾಪದ ಗಂಡ, ಸತ್ತ ಮೇಲೆ ಇದೊಂದು ಬಾಕಿಯಿತ್ತು.

ಮಾರನೆಯ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನರ್ಸು ಕುಸಾಕಾ ಓಡೋಡಿ ಬಂದಳು. ವಿಷಯ ಆಗಷ್ಟೇ ಅವಳ ಕಿವಿಗೆ ಬಿದ್ದಿತ್ತು. ಅಂಗಳದಲ್ಲೇ ಸೊಂಟ ಮುರಿಯುವಷ್ಟು ಬಾಗಿದಳು.

“ತಪ್ಪಾಯ್ತು, ದೊಡ್ಡ ತಪ್ಪಾಯ್ತು ಅಮ್ಮ. ಅದು ಹಾಗೆ ಸುತ್ತಬಾರದಿತ್ತು. ಲಕೋಟೆ ಕೊಟ್ಟಿದ್ದೆ ನಾನು. ಆ ಹಾಳೆ ಹರಿದು ಹಾಕಿಬಿಟ್ಟೆ.”

“ಹಾಳೆ ಹರೀಬಹುದು ತಾಯಿ. ನೋಡಿದ ಕಣ್ಣು ಹರಿಯೋಕಾಗತ್ತಾ?” ಇಸೊಕೊ ತಲೆಯೆತ್ತಲಿಲ್ಲ. ಚಾಕು ಓಡುತ್ತಲೇ ಇತ್ತು.

ಕಿಯೊಹಾರು ಆಗ ಮನೆಯಲ್ಲೇ ಇದ್ದ. ಬೆಳಗಿನಿಂದ ಅವನ ಮುಖ ಗಂಟು. ಶಿಹೊಳ ಮನೆಯಿಂದ ದೂರವಾಣಿ ಬಂದು, ‘ಏನೋ ಕೇಳಿಬಂತು’ ಎಂದಷ್ಟೇ ಹೇಳಿ ಇಟ್ಟಿದ್ದರು. ಅವನು ಹೊಸ್ತಿಲಿಗೆ ಬಂದು ಒರಗಿ ನಿಂತ.

“ಇವರನ್ನ ಯಾಕೆ ಬೈತೀಯಮ್ಮ? ಒತ್ತಿದ್ದು ನೀನು. ಯಾಕೆ ಅಂತ ನನಗೊಬ್ಬನಿಗಾದ್ರೂ ಹೇಳು. ನಾನು ಅವರಿಗೆ ಏನು ಉತ್ತರ ಕೊಡ್ಲಿ?”

ನರ್ಸು ಅವನ ಕಡೆ ತಿರುಗಿದಳು. “ನಿಮಗೆ ಮೂರು ಕಾಗದ ಕಳಿಸಿದ್ದೆ. ಒಂದಕ್ಕೂ ಉತ್ತರ ಇಲ್ಲ. ವಿವರ ಅಮ್ಮನ ಎದುರಿಗೆ ಹೇಳೋ ಹಾಗಿಲ್ಲ ನಾನು, ಅದು ನಿಮ್ಮ ಖಾಸಗಿ ವಿಷಯ. ದಯವಿಟ್ಟು ಒಂದು ಸಲ ಬನ್ನಿ, ಅಷ್ಟೇ.” ದನಿ ತಗ್ಗಿಸಿ ಕೇಳಿದಳು: “ನಿಮ್ಮ ವಂಶದಲ್ಲಿ ಯಾರಿಗಾದ್ರೂ ಮೂತ್ರಪಿಂಡದ ತೊಂದರೆ ಇತ್ತಾ?”

“ಇಲ್ಲ,” ಎಂದ ಕಿಯೊಹಾರು. “ಯಾರಿಗೂ ಇಲ್ಲ.”

ಅವನು ಎಷ್ಟು ನಿಶ್ಚಿಂತೆಯಿಂದ ಹೇಳಿದನೆಂದರೆ ಇಸೊಕೊಳ ಚಾಕು ನಿಂತುಹೋಯಿತು. ಆ ‘ಇಲ್ಲ’ ಎಂಬುದು ಅವಳೇ ಕಲಿಸಿದ ಪಾಠ. ಅಮ್ಮ ತನಗೆ ಚಿವುಟಿ ಕಲಿಸಿದಳು, ತಾನು ಮಗನಿಗೆ ಚಿವುಟದೆಯೇ ಕಲಿಸಿದ್ದಳು. ಈಗ ಅವನು ಅದನ್ನು ಒಪ್ಪಿಸಿ ಸಾಯುತ್ತಾನೆ.

“ನನ್ನಪ್ಪನಿಗಿತ್ತು,” ಎಂದಳು.

“ತಾತ ಸಮುದ್ರದಲ್ಲಿ...”

“ಸಮುದ್ರದಲ್ಲಿ ಅಲ್ಲ ಕಣೋ. ದ್ವೀಪದಲ್ಲಿ. ಕುಷ್ಠದವರನ್ನ ಇಡ್ತಿದ್ದ ದ್ವೀಪದಲ್ಲಿ.”

ಆಮೇಲೆ ಅವಳು ನಿಲ್ಲಲಿಲ್ಲ. ಪಟ್ಟಿ ಹಿಡಿದು ಬಂದವರು, ಮುಟ್ಟದ ಚಹಾ, ಬಿಳಿ ಪುಡಿ, ರೈಲಿನ ಪಾಠ, ಹರಿದು ನೀರಿಗೆ ಬಿಟ್ಟ ಕಾಗದ, ವಯಸ್ಸಾದ ವೈದ್ಯ ಹೇಳಿದ ನೀರುಗುಳ್ಳೆ, ಎಲ್ಲವನ್ನೂ ಒಂದೇ ಉಸಿರಿಗೆ, ಮೀನಿನೊಂದಿಗೆ ಜಗಳವಾಡುವವಳಂತೆ ಹೇಳಿದಳು. ಹೇಳುತ್ತ ಹೇಳುತ್ತ ಬುಟ್ಟಿಯಲ್ಲಿದ್ದ ಅಷ್ಟೂ ಬಂಗುಡೆ ಸೀಳಿ ಮುಗಿಸಿದಳು. ಕೊನೆಯ ನಾಲ್ಕು ತುಂಡುತುಂಡಾಗಿದ್ದವು.

ಕಿಯೊಹಾರು ಹೊಸ್ತಿಲ ಮೇಲೆ ಕುಳಿತಿದ್ದ.

“ಇಪ್ಪತ್ತೆರಡು ವರ್ಷ ಗೊತ್ತಿದ್ದೂ ಸುಮ್ಮನಿದ್ಯಾ?”

“ಇದ್ದೆ.”

“ನಾನು ಸತ್ರೂ?”

“ದಿನಾ ಹೇಳ್ಬೇಕು ಅಂತ ಏಳ್ತಿದ್ದೆ. ಬಾಯಿ ಬರ್ತಿರ್ಲಿಲ್ಲ. ಬೈಯೋದಿದ್ರೆ ಬೈಯಿ, ಆದ್ರೆ ನಾಳೆನೇ ತೋರಿಸ್ಕೋ.”

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ನರ್ಸು ಮಾತ್ರ ಚೀಲದಿಂದ ಒಂದು ಫಾರಮ್ಮು ತೆಗೆದಳು. “ಅಮ್ಮ, ಇದು ಸ್ಕ್ಯಾನಿನಲ್ಲಿ ಹತ್ತು ನಿಮಿಷಕ್ಕೆ ತಿಳಿಯತ್ತೆ. ನಿಮಗೂ ಆಗ್ಬೇಕು. ಬೇಗ ತಿಳಿದ್ರೆ ಔಷಧದಲ್ಲಿ ತುಂಬ ವರ್ಷ ತಡೀಬಹುದು. ಈ ಮೂರು ಊರಲ್ಲಿ ಇನ್ನೂ ಯಾರಿಗೆಲ್ಲ ವಂಶದಿಂದ ಬಂದಿದೆಯೋ ಹುಡುಕೋಕೂ ನೀವು ಹೇಳಿದ್ದು ಬೇಕು. ನೀವು ಒಪ್ಪಿದ್ರೆ ಮಾತ್ರ ಬರ್ಕೋತೀನಿ. ಹೆದರ್ಬೇಡಿ, ಹೆಸರು ಎಲ್ಲೂ ಹೋಗಲ್ಲ. ನಿಮ್ಮ ತಂದೆಯವರಿಗೆ ಬರೀ ಒಂದು ನಂಬರು ಹಾಕ್ತೀವಿ. ಅವರು ಯಾರು ಅಂತ ಯಾರಿಗೂ ಗೊತ್ತಾಗಲ್ಲ.”

ಒಳ್ಳೆಯ ಹುಡುಗಿ. ಸಮಾಧಾನಕ್ಕೆಂದೇ ಹೇಳಿದಳು. ಐವತ್ತನಾಲ್ಕು ವರ್ಷ ಇಸೊಕೊ ಬೇಡಿಕೊಂಡದ್ದೂ ಅದನ್ನೇ, ಯಾರಿಗೂ ಗೊತ್ತಾಗದಿರಲಿ ಎಂದು. ಆದರೂ ನಂಬರು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಕೆಂಪಾಯಿತು.

“ನಂಬರಾ? ಅಲ್ಲೂ ನಂಬರೇ ಕೊಟ್ಟಿದ್ರು. ಮಡಕೆ ಮೇಲೆ ಬರೆದಿದ್ರು. ಅದರ ಕೆಳಗೆ ಯಾರದೋ ಹೆಸರು. ನಮ್ಮ ಮಾನಕ್ಕೆ ಅಂತಲೇ ಮಾಡಿದ್ರಂತೆ ಅವರೂ. ಈಗ ನೀನೂ ಇನ್ನೊಂದು ನಂಬರು ಕೊಡ್ತೀಯಾ?”

“ಅಮ್ಮ, ಅದು ಕಾನೂನು. ನಿಮ್ಮ ರಕ್ಷಣೆಗೆ.”

“ನನ್ನ ರಕ್ಷಣೆಗೆ ತಾನೇ? ನನಗೆ ಬೇಡ. ನೀನು ಕೇಳಿದ್ದೆಲ್ಲ ಕೊಡ್ತೀನಿ. ಅಪ್ಪನ ಗುಳ್ಳೆ, ನನ್ನ ಗುಳ್ಳೆ, ಎಲ್ಲ ತಗೊಂಡು ಹೋಗು, ನಾಲ್ಕು ಜನಕ್ಕೆ ಒಳ್ಳೇದಾಗ್ಲಿ. ಆದ್ರೆ ಹೆಸರು ಬರಿ.”

“ಹೆಸರಿಗೆ ಕಾಲಮ್ಮೇ ಇಲ್ಲಮ್ಮ ಇದರಲ್ಲಿ.”

“ಅಂಚಲ್ಲಿ ಬರಿ. ದೊಡ್ಡ ಡಾಕ್ಟ್ರು ಬೇಕಾದ್ರೆ ಕತ್ತರಿಸ್ಕೊಳ್ಳಲಿ. ನಿನ್ನ ಕೈಯಲ್ಲಿ ಒಂದು ಸಲ ಬರಿ.”

ನರ್ಸು ಫಾರಮ್ಮನ್ನು ಚೀಲದ ಮೇಲೆ ಹರವಿದಳು. ಆಮೇಲೆ ಪೆನ್ನು ತೆಗೆದಳು. ಇಸೊಕೊ ಅಪ್ಪನ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತ ಹೋದಳು. ನರ್ಸು ಅಂಚಿನಲ್ಲಿ ಬರೆದಳು.

“ಓದು, ಸರಿ ಬರೆದಿದ್ಯಾ ನೋಡೋಣ.”

ನರ್ಸು ಬೀದಿಯ ಕಡೆ ನೋಡಿದಳು. ಅಂಗಳದ ಬಾಗಿಲು ಪೂರ್ತಿ ತೆರೆದಿತ್ತು. ಎದುರಿಗೆ ತಾತ್ಸುನೊ ಇಲ್ಲದ ಕಸವನ್ನು ಗುಡಿಸುತ್ತ ನಿಂತಿದ್ದಳು. “ಬಾಗಿಲು ಹಾಕ್ಲಾ?” ಎಂದು ನರ್ಸು ಮೆಲ್ಲಗೆ ಕೇಳಿದಳು.

ಇಸೊಕೊ ಮಗನನ್ನು ನೋಡಿದಳು. ಹೆಸರು ಅವಳ ಅಪ್ಪನದು, ಆದರೆ ಈಗ ಬೀದಿಗೆ ಬೀಳುವುದು ಮಗನ ಮದುವೆ. ಅವನು ಬೇಡವೆಂದರೆ ತಾನು ಬಾಯಿ ಹೊಲಿದುಕೊಳ್ಳುತ್ತೇನೆ ಎಂದು ಅವಳು ಆ ಕ್ಷಣ ನಿಜವಾಗಿ ನಿರ್ಧರಿಸಿದ್ದಳು.

ಕಿಯೊಹಾರು ಹೊಸ್ತಿಲಿನಿಂದ ಎದ್ದ. ಅಂಗಳದ ಬಾಗಿಲಿನ ಹತ್ತಿರ ಹೋಗಿ ಬೀದಿಯತ್ತ ನೋಡಿದ. ತಾತ್ಸುನೊಳ ಪೊರಕೆ ನಿಂತಿತು.

“ತೆಗೆದೇ ಇರ್ಲಿ,” ಎಂದ. “ಶಿಹೊಗೆ ಇವತ್ತು ಸಂಜೆ ನಾನೇ ಹೋಗಿ ಹೇಳ್ತೀನಿ. ಅದಕ್ಕೆ ಮೊದಲು ನನಗೂ ಗೊತ್ತಾಗ್ಬೇಕಲ್ಲ ನಮ್ಮ ತಾತನ ಹೆಸರು. ಓದಿ ಸಿಸ್ಟರ್, ಗಟ್ಟಿಯಾಗಿ.”

“ಸೆಕಿನೆ ತೊರಾಕಿಚಿ,” ಎಂದು ನರ್ಸು ಓದಿದಳು.

ಅಪ್ಪನನ್ನು ದ್ವೀಪದ ದೋಣಿಯಲ್ಲಿ ಕೂರಿಸಿದ ದಿನದಿಂದ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಇಸೊಕೊ ಕೇಳಿರಲಿಲ್ಲ. ಮೀನಿನ ಹಲಗೆಯ ಮೇಲೆ ಅವಳ ಎರಡೂ ಕೈ ಸುಮ್ಮನೆ ಬಿದ್ದಿದ್ದವು.

“ಇನ್ನೊಂದ್ಸಲ ಓದಮ್ಮ,” ಎಂದಳು.